ಹೋದ ಕರೆಂಟು ಮರಳುವ ದಾರಿ

ದೇವರಗುಡ್ಡದ ಮನೆಯೊಂದರಲ್ಲಿ ಬಲ್ಬು ಉರಿಯಬೇಕಾದರೆ ಕರೆಂಟು ಊರಿನ ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹೊರಟು, ಕಂಬದ ತಂತಿ, ಮೀಟರು, ಸ್ವಿಚ್ಚು, ಬಲ್ಬುಗಳನ್ನು ದಾಟಿ, ಇನ್ನೊಂದು ತಂತಿಯಲ್ಲಿ ಅದೇ ಟಿ.ಸಿ.ಗೆ ಮರಳಬೇಕು. ಹೋಗುವ ತಂತಿಗೆ ಫೇಸ್ ಎಂದೂ ಮರಳುವ ತಂತಿಗೆ ನ್ಯೂಟ್ರಲ್ ಎಂದೂ ಹೆಸರು. ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತಿಗೆ ಹೋಗುವುದು, ಬರುವುದು ಎಂಬ ಮಾತು ಪೂರ್ತಿ ಒಪ್ಪುವುದಿಲ್ಲ. ಆದರೂ ಎರಡು ತಂತಿ ಕೂಡಿ ಒಂದು ಪೂರ್ಣ ಸುತ್ತು ಆಗಲೇಬೇಕು. ಮನೆಯ ವಿದ್ಯುತ್ ದೋಷಗಳು ಬಹುಮಟ್ಟಿಗೆ ಈ ಸುತ್ತಿಗೆ ಒದಗುವ ನಾಲ್ಕು ತೊಂದರೆಗಳೇ. ಸುತ್ತು ಕಡಿಯುತ್ತದೆ, ಅಡ್ಡದಾರಿ ಹಿಡಿಯುತ್ತದೆ, ಎಲ್ಲೋ ಒಂದು ಕಡೆ ಸಡಿಲಾಗುತ್ತದೆ, ಇಲ್ಲವೇ ನೆಲಕ್ಕೆ ಸೋರುತ್ತದೆ. ಯಾವುದು ಆಗಿದೆ ಎಂದು ತಿಳಿದರೆ ಯಾರನ್ನು ಕರೆಯಬೇಕು, ಅವರಿಂದ ಏನು ಮಾಡಿಸಬೇಕು ಎಂಬುದೂ ತಿಳಿಯುತ್ತದೆ.

ಟಿ.ಸಿ.ಯಿಂದ ಮೀಟರಿನವರೆಗೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿರುವ ಈ ಊರಿಗೆ ವಿದ್ಯುತ್ ಹಂಚುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು. 2002ರಲ್ಲಿ ಹಂಚಿಕೆಯ ಕೆಲಸ ಪ್ರದೇಶವಾರು ಕಂಪನಿಗಳಿಗೆ ಹೋಯಿತು. ಆಗ ಹುಟ್ಟಿದ ಕಂಪನಿಗಳಲ್ಲಿ ಹೆಸ್ಕಾಂ ಒಂದು.

ಉಪಕೇಂದ್ರದಿಂದ ಊರಿನವರೆಗೆ ವಿದ್ಯುತ್ತು 11,000 ವೋಲ್ಟ್‌ನಲ್ಲಿ ಬರುತ್ತದೆ. ಟಿ.ಸಿ. ಅದನ್ನು ಸುಮಾರು 400 ವೋಲ್ಟ್‌ನ ಮೂರು ಫೇಸ್‌ಗಳಾಗಿ ಇಳಿಸುತ್ತದೆ. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇದ್ದರೆ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಇರುತ್ತದೆ. ಮನೆಗೆ ಬೇಕಾದದ್ದು ಈ 230 ವೋಲ್ಟ್. ಊರಿನ ಮನೆಗಳನ್ನು ಮೂರು ಫೇಸ್‌ಗಳಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಮಾತ್ರ ಎಲ್ಲರಿಗೂ ಒಂದೇ. ಟಿ.ಸಿ.ಯ ಬುಡದಲ್ಲಿ ಆ ನ್ಯೂಟ್ರಲನ್ನು ನೆಲಕ್ಕೆ ಜೋಡಿಸಿರುತ್ತಾರೆ. ನೆಲದ ಮೇಲೆ ಬರಿಗಾಲಿನಲ್ಲಿ ನಿಂತವರು ಫೇಸ್ ತಂತಿಯೊಂದನ್ನೇ ಮುಟ್ಟಿದರೂ ಶಾಕ್ ಹೊಡೆಯುವುದು ಇದರಿಂದಲೇ. ಮೈಯಿಂದ ನೆಲಕ್ಕಿಳಿದ ಕರೆಂಟು ಟಿ.ಸಿ.ಯ ಬುಡದಲ್ಲಿ ಮೇಲೇರಿ ಸುತ್ತನ್ನು ಪೂರ್ಣಗೊಳಿಸುತ್ತದೆ.

ಕೆಲಸದ ಗಡಿ ಮೀಟರು. ಕಂಬ, ಟಿ.ಸಿ., ಮೀಟರು ಮತ್ತು ಅದರ ಸೀಲು ಹೆಸ್ಕಾಂನ ಉಸ್ತುವಾರಿಗೆ ಸೇರಿದವು. ಮೀಟರಿನಿಂದ ಒಳಗಿನ ವೈರಿಂಗ್ ಮನೆಯವರದು. ಕೆಟ್ಟದ್ದು ಒಳಗೋ ಹೊರಗೋ ಎಂಬುದನ್ನು ಮೊದಲು ನೋಡಬೇಕು. ಪಕ್ಕದ ಮನೆಯಲ್ಲೂ ಬೀದಿ ದೀಪದಲ್ಲೂ ಕರೆಂಟು ಇಲ್ಲದಿದ್ದರೆ ದೋಷ ಹೊರಗಿನದು ಎಂದು ತಿಳಿಯಬಹುದು. ಅಕ್ಕಪಕ್ಕದ ಮನೆಗಳು ಬೇರೆ ಬೇರೆ ಫೇಸ್‌ನಲ್ಲಿರಬಹುದಾದ್ದರಿಂದ ಒಂದೇ ಮನೆಯನ್ನು ನೋಡಿ ತೀರ್ಮಾನಿಸಬಾರದು. ಮೀಟರಿನ ದೀಪ ಮಿನುಗುತ್ತಿದ್ದು ಮನೆಯೊಳಗೆ ಮಾತ್ರ ಕತ್ತಲಾಗಿದ್ದರೆ ಮೇನ್ ಸ್ವಿಚ್ಚಿನಿಂದ ಈಚೆಗೆ ಹುಡುಕಬೇಕು.

ಕಡಿದ ಸುತ್ತು

ಒಂದು ಬಲ್ಬು ಮಾತ್ರ ಹತ್ತದಿದ್ದರೆ ಬಲ್ಬು, ಹೋಲ್ಡರು, ಸ್ವಿಚ್ಚು ಈ ಮೂರರಲ್ಲಿ ಒಂದು ಕೆಟ್ಟಿರುತ್ತದೆ. ಬೇರೆ ಕಡೆ ಉರಿಯುವ ಬಲ್ಬನ್ನು ತಂದು ಹಾಕಿ ನೋಡಿದರೆ ಮೂರರಲ್ಲಿ ಒಂದು ಸಂಶಯ ತೀರುತ್ತದೆ. ಒಂದು ಕೋಣೆಯ ಎಲ್ಲ ಪಾಯಿಂಟುಗಳೂ ಒಟ್ಟಿಗೆ ಹೋಗಿದ್ದರೆ ಆ ಕೋಣೆಯ ಎಂ.ಸಿ.ಬಿ., ಅಂದರೆ ಕರೆಂಟು ಮಿತಿಮೀರಿದರೆ ತಾನಾಗಿ ಆರುವ ಸ್ವಿಚ್ಚು, ಬಿದ್ದಿದೆ, ಇಲ್ಲವೇ ಜಂಕ್ಷನ್ ಬಾಕ್ಸಿನಲ್ಲಿ ತಂತಿ ಬಿಟ್ಟುಕೊಂಡಿದೆ.

ಎಲ್ಲರ ಮನೆಯಲ್ಲೂ ಇರುವ ಟೆಸ್ಟರು ಇಲ್ಲಿ ಉಪಯೋಗಕ್ಕೂ ಬರುತ್ತದೆ, ದಾರಿಯನ್ನೂ ತಪ್ಪಿಸುತ್ತದೆ. ಅದರೊಳಗೆ ಚಿಕ್ಕ ನಿಯಾನ್ ದೀಪವೂ ಬಹಳ ದೊಡ್ಡ ರೋಧಕವೂ ಇವೆ. ಮುಟ್ಟಿದವರ ಮೈ ಮೂಲಕ ಅತ್ಯಲ್ಪ ಕರೆಂಟು ನೆಲಕ್ಕೆ ಹರಿದು ದೀಪ ಹೊಳೆಯುತ್ತದೆ. ಹೀಗೆ ಫೇಸ್ ಇದೆಯೇ ಎಂಬುದನ್ನು ಟೆಸ್ಟರು ಹೇಳಬಲ್ಲದು. ನ್ಯೂಟ್ರಲ್ ಇದೆಯೇ ಎಂಬುದನ್ನು ಹೇಳಲಾರದು. ಸಾಕೆಟ್ಟಿನ ಎರಡೂ ತೂತುಗಳಲ್ಲಿ ಟೆಸ್ಟರು ಹೊಳೆದು ಯಾವ ಉಪಕರಣವೂ ನಡೆಯದಿದ್ದರೆ ನ್ಯೂಟ್ರಲ್ ಕಡಿದಿದೆ ಎಂದು ಅರ್ಥ. ಸ್ವಿಚ್ಚು ಹಾಕಿದ ಬಲ್ಬೋ ಫ್ಯಾನೋ ಎಲ್ಲಾದರೂ ಇದ್ದರೆ, ಫೇಸ್ ಅದನ್ನು ಹಾದು ಆಚೆಯ ನ್ಯೂಟ್ರಲ್ ತಂತಿಗೂ ಬಂದು ನಿಂತಿರುತ್ತದೆ. ಆಗ ನ್ಯೂಟ್ರಲ್ ತಂತಿಯೂ ಫೇಸ್‌ನಷ್ಟೇ ಅಪಾಯಕಾರಿ. ಟೆಸ್ಟರು ಹೊಳೆಯಲಿಲ್ಲ ಎಂದ ಮಾತ್ರಕ್ಕೆ ತಂತಿಯನ್ನು ಮುಟ್ಟುವಂತೆಯೂ ಇಲ್ಲ, ಏಕೆಂದರೆ ದೀಪವೇ ಕೆಟ್ಟಿರಬಹುದು, ಮುಟ್ಟಿದವರು ಒಣ ಮರದ ಸ್ಟೂಲಿನ ಮೇಲೆ ನಿಂತಿರಬಹುದು.

ಸ್ವಿಚ್ಚು ಆರಿಸಿದ ಮೇಲೂ ಎಲ್ಇಡಿ ಬಲ್ಬು ಮಂಕಾಗಿ ಹೊಳೆಯುತ್ತಿದ್ದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿರುವ ಸಾಧ್ಯತೆ ಇದೆ. ಆ ಬಲ್ಬನ್ನು ಬಿಚ್ಚುವಾಗ ಸ್ವಿಚ್ಚು ಆರಿದ್ದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಫೇಸ್ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ ಕಪ್ಪು, ಅರ್ತ್ ಹಸಿರು ಎಂಬ ಬಣ್ಣದ ಕ್ರಮವನ್ನು ವೈರಿಂಗ್‌ನಲ್ಲಿ ಪಾಲಿಸಿದ್ದರೆ ಇಂಥ ತಪ್ಪು ಆಗುವುದು ಕಡಿಮೆ.

ಫ್ಯಾನ್ ತಾನಾಗಿ ತಿರುಗದೆ, ಕೋಲಿನಿಂದ ತಳ್ಳಿದರೆ ನಿಧಾನವಾಗಿ ತಿರುಗುತ್ತಿದ್ದರೆ ಕೆಪಾಸಿಟರ್ ಸೊರಗಿರುತ್ತದೆ. ಸೀಲಿಂಗ್ ಫ್ಯಾನುಗಳಿಗೆ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಬರುತ್ತದೆ, ಹಳೆಯದರ ಮೇಲೆ ಬರೆದಿರುವ ಅಳತೆಯದನ್ನೇ ಹಾಕಬೇಕು. ಇಷ್ಟಕ್ಕೆ ಮೋಟಾರು ಸುಟ್ಟಿದೆ ಎಂದು ರಿವೈಂಡಿಂಗ್‌ಗೆ ಕೊಡುವುದು ವ್ಯರ್ಥ ಖರ್ಚು.

ಅಡ್ಡದಾರಿ ಮತ್ತು ಹೊರೆ

ಫೇಸ್ ಮತ್ತು ನ್ಯೂಟ್ರಲ್ ನಡುವೆ ಉಪಕರಣವಿಲ್ಲದೆ ನೇರ ಸಂಪರ್ಕವಾದರೆ ಅದು ಶಾರ್ಟ್. ಅಡ್ಡಿ ಇಲ್ಲದ ದಾರಿಯಲ್ಲಿ ನೂರಾರು ಆಂಪಿಯರ್ ಒಮ್ಮೆಗೇ ಹರಿಯುತ್ತದೆ. ಕಾಳು, ಗೋವಿನಜೋಳ ಕೂಡಿಡುವ ಮನೆಗಳಲ್ಲಿ ಇಲಿ ತಂತಿಯನ್ನು ಕಡಿದು ಶಾರ್ಟ್ ಆಗುವುದುಂಟು. ಸ್ವಿಚ್ ಬೋರ್ಡಿನೊಳಗೆ ಹಲ್ಲಿ ಸಿಕ್ಕಿಕೊಂಡಾಗಲೂ ಹೀಗೆ ಆಗುತ್ತದೆ. ಹೊರೆ ಹೆಚ್ಚಾಗುವುದು ಬೇರೆ ಸಂಗತಿ. 2,000 ವ್ಯಾಟ್‌ನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. ಅದರ ಜೊತೆ 1,800 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ಅದೇ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಹಾಕಿದರೆ ಒಟ್ಟು 16.5 ಆಂಪಿಯರ್ ದಾಟುತ್ತದೆ.

ಎಂ.ಸಿ.ಬಿ.ಯೊಳಗೆ ಈ ಎರಡಕ್ಕೂ ಬೇರೆ ಬೇರೆ ಏರ್ಪಾಡಿದೆ. ಹೊರೆ ಹೆಚ್ಚಾದರೆ ಎರಡು ಲೋಹಗಳ ಪಟ್ಟಿಯೊಂದು ಕಾದು ಬಾಗಿ ನಿಧಾನವಾಗಿ ಬೀಳಿಸುತ್ತದೆ, ಶಾರ್ಟ್ ಆದರೆ ಸುರುಳಿಯ ಅಯಸ್ಕಾಂತ ಕ್ಷಣದಲ್ಲಿ ಬೀಳಿಸುತ್ತದೆ. ಏರಿಸಿದ ತಕ್ಷಣ ಬಿದ್ದರೆ ಶಾರ್ಟ್, ಹತ್ತಿಪ್ಪತ್ತು ನಿಮಿಷ ನಡೆದು ಬಿದ್ದರೆ ಹೊರೆ ಎಂದು ಮನೆಯವರೇ ಊಹಿಸಬಹುದು. ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕುತ್ತ ಬಂದರೆ ಯಾವ ಉಪಕರಣದಿಂದ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಎಲ್ಲವನ್ನೂ ಕಿತ್ತ ಮೇಲೂ ಬೀಳುತ್ತಿದ್ದರೆ ದೋಷ ಗೋಡೆಯೊಳಗಿನ ವೈರಿಂಗ್‌ನಲ್ಲಿದೆ, ಮತ್ತೆ ಮತ್ತೆ ಏರಿಸದೆ ಎಲೆಕ್ಟ್ರಿಷಿಯನ್‌ರನ್ನು ಕರೆಯಬೇಕು.

ಎಂ.ಸಿ.ಬಿ. ಕಾಯುವುದು ತಂತಿಯನ್ನು. ದೀಪ, ಫ್ಯಾನುಗಳ ಸಾಲಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ 6 ಅಥವಾ 10 ಆಂಪಿಯರ್‌ನ ಎಂ.ಸಿ.ಬಿ. ಇಡುವುದು, 16 ಆಂಪಿಯರ್‌ನ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಂತಿ ಎಳೆಯುವುದು ರೂಢಿ. ಪದೇ ಪದೇ ಬೀಳುತ್ತದೆ ಎಂದು ತೆಳುವಾದ ತಂತಿಗೆ 32 ಆಂಪಿಯರ್‌ನ ಎಂ.ಸಿ.ಬಿ. ಹಾಕಿದರೆ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗೆ ತಂತಿ ಸುಡಲು ಶುರುವಾಗುತ್ತದೆ. ಹಳೆಯ ಕಟೌಟಿನಲ್ಲಿ ಫ್ಯೂಸ್ ತಂತಿಯ ಬದಲು ದಪ್ಪ ತಾಮ್ರದ ಎಳೆ ಸುತ್ತುವುದರ ಪರಿಣಾಮವೂ ಇದೇ.

ಸಡಿಲ ಜೋಡಣೆ

ಬೆಂಕಿ ಅನಾಹುತಕ್ಕೆ ದಾರಿ ಮಾಡುವ ದೋಷಗಳಲ್ಲಿ ಇದು ಅತಿ ಮೌನವಾದದ್ದು. ಸ್ಕ್ರೂ ಸಡಿಲಾದ ಜಾಗದಲ್ಲಿ ಅರ್ಧ ಓಮ್‌ನಷ್ಟು ರೋಧ ಹುಟ್ಟಿ, ಅಲ್ಲಿ 10 ಆಂಪಿಯರ್ ಹರಿದರೆ 50 ವ್ಯಾಟ್ ಶಾಖ ಒಂದು ಕಡಲೆಕಾಳಿನಷ್ಟು ಜಾಗದಲ್ಲಿ ಉಂಟಾಗುತ್ತದೆ. ಕರೆಂಟಿನ ಒಟ್ಟು ಪ್ರಮಾಣ ಹೆಚ್ಚಿಲ್ಲದ ಕಾರಣ ಎಂ.ಸಿ.ಬಿ.ಗೆ ಇದು ತಿಳಿಯುವುದೇ ಇಲ್ಲ. ಸ್ವಿಚ್ಚು ಚಟಚಟ ಎನ್ನುವುದು, ಬೋರ್ಡು ಬಿಸಿಯಾಗುವುದು, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು, ಸುಟ್ಟ ವಾಸನೆ, ದೀಪ ಮಿಣುಕುವುದು ಇದರ ಗುರುತುಗಳು.

ಅಲ್ಯುಮಿನಿಯಂ ತಂತಿ ಎಳೆದು, ಮರದ ರೀಪರಿನ ಮೇಲೆ ಕ್ಲಿಪ್ಪು ಹೊಡೆದ ವೈರಿಂಗ್ ಹಳೆಯ ಮನೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಸ್ಕ್ರೂವಿನ ಒತ್ತಡದಲ್ಲಿ ಅಲ್ಯುಮಿನಿಯಂ ವರ್ಷಗಳಲ್ಲಿ ಮೆತ್ತಗೆ ಜಾರುತ್ತದೆ, ಅದರ ಮೇಲೆ ಕರೆಂಟು ಬಿಡದ ಆಕ್ಸೈಡ್ ಪದರವೂ ಕಟ್ಟುತ್ತದೆ. ಅದನ್ನು ನೇರವಾಗಿ ತಾಮ್ರಕ್ಕೆ ತಿರುವಿ ಟೇಪು ಸುತ್ತಿದರೆ ತೇವದಲ್ಲಿ ಎರಡು ಲೋಹಗಳ ನಡುವೆ ಸವೆತ ಬೇಗ ಆಗುತ್ತದೆ. ಕಂಬದಿಂದ ಬರುವ ಅಲ್ಯುಮಿನಿಯಂ ಸರ್ವಿಸ್ ತಂತಿಯನ್ನು ಮನೆಯ ತಾಮ್ರದ ತಂತಿಗೆ ಕೂಡಿಸುವ ಜಾಗದಲ್ಲಿ ಸರಿಯಾದ ಕನೆಕ್ಟರ್ ಇರಬೇಕು.

ಸೋರಿಕೆ, ಕಲ್ಲು ನೆಲ, ಎರೆ ಭೂಮಿ

ನೀರು ಕಾಯಿಸುವ ರಾಡಿನ ಒಳಪದರ ಬಿರುಕು ಬಿಟ್ಟಾಗ, ಮಣ್ಣಿನ ಗೋಡೆ ಮಳೆಯಲ್ಲಿ ನೆನೆದಾಗ, ತಗಡಿನ ಅಂಚಿಗೆ ಸರ್ವಿಸ್ ತಂತಿ ಉಜ್ಜಿ ಸಿಪ್ಪೆ ಹೋದಾಗ ಫೇಸ್ ಕರೆಂಟು ತನ್ನ ದಾರಿ ಬಿಟ್ಟು ಲೋಹಕ್ಕೋ ಗೋಡೆಗೋ ಬರುತ್ತದೆ. ಫ್ರಿಜ್ಜಿನ ಬಾಗಿಲು, ತಗಡಿನ ಚಾವಣಿ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ಹೀಗೆ ಜೀವಂತವಾಗುತ್ತವೆ. ಒದ್ದೆ ಕೈಯಿಂದ ಮುಟ್ಟಿದಾಗ ಮೈಯ ರೋಧ 1,000 ಓಮ್‌ಗೆ ಇಳಿಯಬಹುದು. 230 ವೋಲ್ಟ್‌ಗೆ ಅಲ್ಲಿ ಹರಿಯುವುದು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲಾಗದು. 100ರ ಆಸುಪಾಸು ಹೃದಯದ ಬಡಿತವೇ ತಾಳ ತಪ್ಪಿ ನಿಲ್ಲಬಹುದು.

ಅರ್ತಿಂಗ್ ಇರುವುದು ಈ ಅಪಾಯಕ್ಕಾಗಿ. ಲೋಹದ ಮೈಯನ್ನು ನೆಲಕ್ಕೆ ಜೋಡಿಸಿಟ್ಟರೆ ಸೋರಿದ ಕರೆಂಟು ಮನುಷ್ಯನ ಮೈಗಿಂತ ಸುಲಭವಾದ ದಾರಿ ಹಿಡಿಯುತ್ತದೆ. ಆದರೆ ಆ ದಾರಿ ಎಷ್ಟು ಸುಲಭ ಎಂಬುದನ್ನು ನೆಲ ತೀರ್ಮಾನಿಸುತ್ತದೆ. ಹಸಿ ಎರೆಮಣ್ಣಿನ ರೋಧಕತೆ ಹತ್ತಾರು ಓಮ್-ಮೀಟರ್‌ನೊಳಗೆ ಇದ್ದರೆ ಕಲ್ಲು ನೆಲದ್ದು ಸಾವಿರ ದಾಟಬಲ್ಲದು. ಗುಡ್ಡದ ಮೇಲಿನ ಮನೆಯ ಅರ್ತಿಂಗ್ ಗುಂಡಿಗೂ ಕೆಳಗಿನ ಎರೆ ಹೊಲದ ಪಂಪ್‌ಸೆಟ್ಟಿನ ಗುಂಡಿಗೂ ಹೀಗೆ ಅಜಗಜಾಂತರವಾಗಬಹುದು. ಎರೆ ಭೂಮಿಗೂ ಅದರದೇ ತೊಡಕಿದೆ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಪೈಪಿನಿಂದ ಸರಿಯುತ್ತದೆ, ಪೈಪು ಗಾಳಿಯಲ್ಲಿ ನಿಂತಂತಾಗುತ್ತದೆ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪನ್ನು ಹುಗಿದು ಸುತ್ತ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುತ್ತ ಬರುವುದು ಪೈಪಿನ ಸುತ್ತ ತೇವವನ್ನು ಹಿಡಿದಿಡಲು.

ಗುಡ್ಡದ ಮೇಲಿನ ಗುಂಡಿಯ ರೋಧ 50 ಓಮ್ ಇದೆ ಎಂದುಕೊಂಡರೆ, ಫ್ರಿಜ್ಜಿನ ಮೈಗೆ ಫೇಸ್ ತಗುಲಿದಾಗ ನೆಲಕ್ಕೆ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರ್‌ನ ಎಂ.ಸಿ.ಬಿ. ಅದಕ್ಕೆ ಎಂದೂ ಬೀಳುವುದಿಲ್ಲ. ಅರ್ತಿಂಗ್ ಇದ್ದೂ ಫ್ರಿಜ್ಜು ಜೀವಂತವಾಗಿಯೇ ಉಳಿಯುತ್ತದೆ. ಕಲ್ಲು ನೆಲದ ಮನೆಗೆ ಆರ್.ಸಿ.ಸಿ.ಬಿ. ಬೇಕೇ ಬೇಕು ಎನ್ನುವುದಕ್ಕೆ ಈ ಲೆಕ್ಕವೊಂದೇ ಸಾಕು. ಅದು ಫೇಸ್‌ನಲ್ಲಿ ಹೋದ ಕರೆಂಟನ್ನೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟನ್ನೂ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್‌ನ ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಬಂದರೆ 0.04 ಸೆಕೆಂಡಿನೊಳಗೆ ಎರಡೂ ತಂತಿಗಳನ್ನು ಕಡಿಯಬೇಕು ಎಂಬುದು ಅದಕ್ಕಿರುವ ಮಾನಕ. ಗುಂಡಿಯ ರೋಧ 1,000 ಓಮ್ ಆದರೂ ಅದು ಬೀಳುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಮಾತ್ರ ಅದು ಉಳಿಸಲಾರದು, ಏಕೆಂದರೆ ಆಗ ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಿರುವುದಿಲ್ಲ.

ಸೋರಿಕೆ ಬಿಲ್ಲಿನಲ್ಲೂ ಕಾಣುತ್ತದೆ. 300 ಮಿಲಿಆಂಪಿಯರ್ ಹಗಲೂ ರಾತ್ರಿ ಸೋರಿದರೆ ತಿಂಗಳಿಗೆ ಸುಮಾರು 50 ಯೂನಿಟ್ ಆಗುತ್ತದೆ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗೆ ಇರುವ ಮನೆಗಳಲ್ಲಿ ಹಣ ಕಟ್ಟುವ ಪ್ರಸಂಗವಿಲ್ಲದ್ದರಿಂದ ಈ ಏರಿಕೆ ಗಮನಕ್ಕೆ ಬಾರದೆ ಹೋಗಬಹುದು. ಬಿಲ್ಲಿನ ಯೂನಿಟ್ ಸಂಖ್ಯೆಯನ್ನು ನೋಡುತ್ತಿರಬೇಕು.

ನ್ಯೂಟ್ರಲ್ ಹೋದಾಗ

ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ ಕರೆಂಟು ಹೋಗುವ ಬದಲು ಕೆಲವು ಮನೆಗಳಲ್ಲಿ ಹೆಚ್ಚಾಗಿ ಬರುತ್ತದೆ. ಬೇರೆ ಬೇರೆ ಫೇಸ್‌ನಲ್ಲಿರುವ ಎರಡು ಮನೆಗಳು ಆಗ 400 ವೋಲ್ಟ್ ನಡುವೆ ಒಂದರ ಹಿಂದೆ ಒಂದು ನಿಲ್ಲುತ್ತವೆ. ಒಂದರಲ್ಲಿ 1,000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯೂ ಇನ್ನೊಂದರಲ್ಲಿ 100 ವ್ಯಾಟ್‌ನಷ್ಟು ದೀಪಗಳೂ ನಡೆಯುತ್ತಿದ್ದರೆ ಇಸ್ತ್ರಿಪೆಟ್ಟಿಗೆಯ ಮನೆಗೆ 36 ವೋಲ್ಟ್, ದೀಪಗಳ ಮನೆಗೆ 364 ವೋಲ್ಟ್ ಸಿಗುತ್ತದೆ. ಕೆಲವು ಮನೆ ಮಂಕಾಗಿ ಕೆಲವು ಮನೆ ಅತಿ ಬೆಳಕಾದರೆ ತಕ್ಷಣ ಮೇನ್ ಆರಿಸಿ 1912ಕ್ಕೆ ಕರೆ ಮಾಡಬೇಕು. ಟಿವಿ, ಫ್ರಿಜ್ಜು ಸುಡುವುದು ಈ ಕೆಲವು ನಿಮಿಷಗಳಲ್ಲಿಯೇ.

ನ್ಯೂಟ್ರಲ್ ಇಲ್ಲದಾಗ ಅರ್ತಿಂಗ್ ಗುಂಡಿಗೇ ತಂತಿ ಕೊಟ್ಟು ದೀಪ ಹಚ್ಚುವ ಉಪಾಯ ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ. 50 ಓಮ್ ರೋಧದ ಗುಂಡಿಯ ಮೂಲಕ 1,000 ವ್ಯಾಟ್‌ನ ಉಪಕರಣ ನಡೆಸಿದರೆ ಪೈಪಿನ ಮೇಲೆ 110 ವೋಲ್ಟ್ ದಾಟುತ್ತದೆ. ಆ ಗುಂಡಿಗೆ ಜೋಡಿಸಿದ ಫ್ರಿಜ್ಜು, ಗೀಸರ್, ಪಂಪಿನ ಮೈಯೆಲ್ಲಕ್ಕೂ ಅಷ್ಟೇ ವೋಲ್ಟೇಜ್ ಬರುತ್ತದೆ.

ಲೈನ್‌ಮನ್, ವೈರ್‌ಮನ್, ರಿವೈಂಡಿಂಗ್‌ನವರು

ಕಂಬ ಹತ್ತುವುದು ಹೆಸ್ಕಾಂ ಸಿಬ್ಬಂದಿಯ ಕೆಲಸ. ಇಲಾಖೆಯಲ್ಲಿ ಈಗ ಪವರ್‌ಮ್ಯಾನ್ ಎಂದು ಕರೆಯಿಸಿಕೊಳ್ಳುವ, ಊರವರ ಬಾಯಲ್ಲಿ ಲೈನ್‌ಮನ್ ಆಗಿರುವ ಇವರು ಎಲ್‌ಸಿ ತೆಗೆದುಕೊಂಡು, ಅಂದರೆ ಲೈನು ಬಂದ್ ಆಗಿದೆ ಎಂದು ಉಪಕೇಂದ್ರದಿಂದ ಖಚಿತ ಮಾಡಿಕೊಂಡು ಕೆಲಸಕ್ಕೆ ಇಳಿಯಬೇಕು. ಖಾಸಗಿ ಎಲೆಕ್ಟ್ರಿಷಿಯನ್ ಕಂಬ ಹತ್ತಲು, ಮೀಟರ್ ಸೀಲು ಮುರಿಯಲು ಒಪ್ಪಿದರೆ ಅವರಿಂದ ಕೆಲಸ ಮಾಡಿಸದಿರುವುದೇ ಲೇಸು. ಮೀಟರಿಗೆ ಕೈ ಹಾಕುವುದು 2003ರ ವಿದ್ಯುತ್ ಕಾಯ್ದೆಯಡಿ ಅಪರಾಧ. ದೂರು ಕೊಡುವಾಗ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಕೈಯಲ್ಲಿರಲಿ.

ಒಳಗಿನ ವೈರಿಂಗ್‌ಗೆ ಬೇಕಾದವರು ವೈರ್‌ಮನ್. ವೈರ್‌ಮನ್, ಮೇಲ್ವಿಚಾರಕರ ಪರ್ಮಿಟ್ಟುಗಳನ್ನೂ ಗುತ್ತಿಗೆದಾರರ ಲೈಸೆನ್ಸನ್ನೂ ಕೊಡುವುದು ಕರ್ನಾಟಕ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ. ಹೊಸ ಸಂಪರ್ಕಕ್ಕೆ ಬೇಕಾದ ವೈರಿಂಗ್ ಪೂರ್ಣಗೊಂಡ ವರದಿಯನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಕೊಡಬೇಕು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷದ್ದು. ಮೋಟಾರ್ ರಿವೈಂಡಿಂಗ್ ಬಲ್ಲವರು ಪಂಪಿನ ವಿಷಯದಲ್ಲಿ ಪಳಗಿದವರು. ಮನೆಯ ಡಿಬಿ, ಅಂದರೆ ಎಂ.ಸಿ.ಬಿ.ಗಳ ಪೆಟ್ಟಿಗೆ, ಜೋಡಿಸುವ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ ಎನ್ನುವಂತಿಲ್ಲ.

ಕೂಲಿ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕದಲ್ಲಿ ಇರುತ್ತದೆ. ಎಷ್ಟು ಪಾಯಿಂಟು, ಯಾವ ಅಳತೆಯ ತಂತಿ, ಸಾಮಾನು ಯಾರು ತರಬೇಕು, ಗೋಡೆ ಕೊರೆದು ಮುಚ್ಚುವ ಕೆಲಸ ಸೇರಿದೆಯೇ ಎಂಬುದನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ತಂತಿ, ಸ್ವಿಚ್ಚು, ಎಂ.ಸಿ.ಬಿ.ಗಳ ಮೇಲೆ ಐಎಸ್ಐ ಗುರುತು ಇದೆಯೇ ನೋಡಬೇಕು. ಒಂದು ದೀಪದ ಸಾಲಿಗೆ ಹತ್ತು ಪಾಯಿಂಟು ಅಥವಾ 800 ವ್ಯಾಟ್ ದಾಟಬಾರದು ಎಂಬ ಮಿತಿ ರೂಢಿಯಲ್ಲಿದೆ.

ಬಂದವರ ಕೆಲಸದ ಗುಣ ಅವರ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಬಲ್ಲವರು ಮೊದಲು ಏನಾಯಿತು, ಯಾವಾಗ ಆಯಿತು, ಮಳೆ ಬಂದಿತ್ತೇ ಎಂದು ಕೇಳುತ್ತಾರೆ. ಮೇನ್ ಆರಿಸಿ, ಆರಿದೆಯೇ ಎಂದು ಪರೀಕ್ಷಿಸಿ ಆಮೇಲೆ ಬಿಚ್ಚುತ್ತಾರೆ. ಟೆಸ್ಟರಿನ ಜೊತೆ ಮಲ್ಟಿಮೀಟರನ್ನೋ ಸೀರೀಸ್ ಲ್ಯಾಂಪನ್ನೋ ಬಳಸುತ್ತಾರೆ. ಸೀರೀಸ್ ಲ್ಯಾಂಪು ಸರಳ ಸಾಧನ. ಹಳೆಯ ಕಾಲದ ತಂತುವಿನ ಬಲ್ಬನ್ನು ಉಪಕರಣದೊಂದಿಗೆ ಸಾಲಾಗಿ ಹಾಕುತ್ತಾರೆ. ಬಲ್ಬು ಪೂರ್ತಿ ಬೆಳಗಿದರೆ ಶಾರ್ಟ್, ಹೊಳೆಯದಿದ್ದರೆ ಸುತ್ತು ಕಡಿದಿದೆ ಎಂದು ಬಲ್ಲವರು ಓದಿಕೊಳ್ಳುತ್ತಾರೆ. ಸೋರಿಕೆ ಹುಡುಕಲು ಮೆಗ್ಗರ್ ಬೇಕು. ಅದು 500 ವೋಲ್ಟ್ ಹಾಕಿ ತಂತಿಯ ಸಿಪ್ಪೆ ಎಷ್ಟು ಗಟ್ಟಿ ಇದೆ ಎಂದು ಅಳೆಯುತ್ತದೆ. ಅಳತೆ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ವೈರಿಂಗ್‌ನಲ್ಲಿ ದುರಸ್ತಿಗೆ ಕೆಲಸವಿದೆ. ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆ ಎಂದು ಅದನ್ನೇ ಕಿತ್ತು ನೇರ ಜೋಡಿಸಿ ಹೋಗುವವರು ದೋಷವನ್ನು ಹಾಗೆಯೇ ಬಿಟ್ಟು ಕಾವಲನ್ನು ತೆಗೆದಿರುತ್ತಾರೆ. ಇನ್ವರ್ಟರ್ ಹಾಕಿಸಿದ ಮೇಲೆ ಬೀಳತೊಡಗಿದ್ದರೆ ಎರಡು ಸಾಲುಗಳ ನ್ಯೂಟ್ರಲ್ ಕೂಡಿಕೊಂಡಿರಬಹುದು. ಅವನ್ನು ಬೇರ್ಪಡಿಸಿದರೆ ಸಮಸ್ಯೆ ತೀರುತ್ತದೆ.

ಕೆಲಸ ಮುಗಿದ ಮೇಲೆ ಮನೆಯವರ ಎದುರೇ ಆರ್.ಸಿ.ಸಿ.ಬಿ.ಯ ಟೆಸ್ಟ್ ಗುಂಡಿ ಒತ್ತಿಸಬೇಕು, ಪ್ರತಿ ಸಾಕೆಟ್ಟಿನ ಫೇಸ್ ಬಲಗಡೆ ಇದೆಯೇ, ಅರ್ತ್ ತೂತಿಗೆ ತಂತಿ ಬಂದಿದೆಯೇ ಎಂದು ತೋರಿಸಿಕೊಳ್ಳಬೇಕು. ಯಾವ ಎಂ.ಸಿ.ಬಿ. ಯಾವ ಕೋಣೆಯದು ಎಂದು ಡಿಬಿಯ ಮೇಲೆ ಬರೆಸಿದರೆ ರಾತ್ರಿ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಜಾತ್ರೆಯ ದೀಪಗಳು

ಮಾಲತೇಶನ ದೇವಸ್ಥಾನ ಇರುವ ದೇವರಗುಡ್ಡದಲ್ಲಿ ದಸರೆಯ ವೇಳೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಕೇಳಲು ದೊಡ್ಡ ಸಂಖ್ಯೆಯಲ್ಲಿ ಜನ ಸೇರುತ್ತಾರೆ. ಯಾವ ಜಾತ್ರೆಯಲ್ಲೂ ಅಂಗಡಿ, ಪೆಂಡಾಲು, ಸೀರಿಯಲ್ ಸೆಟ್ಟುಗಳ ವೈರಿಂಗ್ ತಾತ್ಕಾಲಿಕವಾದದ್ದು. ತಗಡು, ಕಬ್ಬಿಣದ ಕಂಬ, ಹಸಿ ನೆಲ, ಬರಿಗಾಲು ಎಲ್ಲವೂ ಒಂದೇ ಕಡೆ ಸೇರುವುದರಿಂದ ಮೇಲೆ ಹೇಳಿದ ಸೋರಿಕೆಯ ಅಪಾಯ ಇಲ್ಲಿ ಹೆಚ್ಚು. ಇಂಥ ವ್ಯವಸ್ಥೆಗೆ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಆರ್.ಸಿ.ಸಿ.ಬಿ. ಇರುವ ಬೋರ್ಡಿನಿಂದಲೇ ತಂತಿ ಎಳೆಯಬೇಕು. ಜೋಡಣೆಗಳು ನೆಲದಿಂದ ಮೇಲಿರಬೇಕು, ಲೈನಿಗೆ ಕೊಕ್ಕೆ ಹಾಕಬಾರದು. ಕೊಕ್ಕೆ ಹಾಕಿದ ತಂತಿಗೆ ಫ್ಯೂಸೂ ಇಲ್ಲ, ಆರ್.ಸಿ.ಸಿ.ಬಿ.ಯೂ ಇಲ್ಲ.

ಶಾಕ್ ಹೊಡೆದಾಗ

ಹಿಡಿದುಕೊಂಡವರನ್ನು ಕೈಯಿಂದ ಎಳೆಯಬಾರದು. ಮೊದಲು ಮೇನ್ ಆರಿಸಬೇಕು. ಅದು ಸಿಗದಿದ್ದರೆ ಒಣ ಮರದ ಹಲಗೆಯ ಮೇಲೆ ನಿಂತು ಒಣ ಕೋಲಿನಿಂದ ತಂತಿಯನ್ನು ಸರಿಸಬೇಕು. ಈ ಉಪಾಯ ಮನೆಯ 230 ವೋಲ್ಟ್‌ಗೆ ಮಾತ್ರ. ಕಂಬದಿಂದ ಹರಿದು ಬಿದ್ದ ತಂತಿಯ ಹತ್ತಿರಕ್ಕೆ ಹೋಗಲೇಬಾರದು, ಏಕೆಂದರೆ ಬಿದ್ದ ಜಾಗದ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡಿರುತ್ತದೆ. ಎರಡು ಕಾಲು ಅಗಲಿಸಿ ನಡೆದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಕರೆಂಟು ಹರಿಯಬಲ್ಲದು. ದೂರದಿಂದಲೇ ಜನರನ್ನೂ ದನಗಳನ್ನೂ ತಡೆದು 1912ಕ್ಕೆ ತಿಳಿಸಬೇಕು.

ಬಿಡಿಸಿದ ವ್ಯಕ್ತಿಗೆ ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ ಗಟ್ಟಿಯಾಗಿ ಒತ್ತುತ್ತ ಇರಬೇಕು. ಎಚ್ಚರಗೊಂಡು ಚೆನ್ನಾಗಿರುವಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸುವುದು ಒಳ್ಳೆಯದು. ಹೃದಯದ ಬಡಿತದ ಏರುಪೇರೂ ಒಳಗಿನ ಸುಟ್ಟಗಾಯವೂ ಹೊರಗೆ ಕಾಣಿಸುವುದಿಲ್ಲ. ಶಾಕ್ ಕೊಟ್ಟ ಉಪಕರಣವನ್ನಾಗಲಿ ಪಾಯಿಂಟನ್ನಾಗಲಿ ಎಲೆಕ್ಟ್ರಿಷಿಯನ್ ಮೆಗ್ಗರ್ ಹಾಕಿ ನೋಡುವವರೆಗೆ ಮತ್ತೆ ಬಳಸಬಾರದು.